ಮಣ್ಣು ಬೇಡದ ಗಿಡಗಳು

ನಮ್ಮ ನಾಡಿನ ಅನೇಕ ಮನೆಗಳಲ್ಲಿಯೂ ಅಂಗಡಿಗಳಲ್ಲಿಯೂ ಬಾಗಿಲುವಾಡದ ಮೇಲುಗಡೆ ಲೋಳೆಸರದ ಗಿಡವೊಂದನ್ನು ಬೇರುಸಹಿತ ಕಿತ್ತು ತಲೆಕೆಳಗಾಗಿ ತೂಗಹಾಕಿರುವುದನ್ನು ವಾಚಕರು ನೋಡಿಯೇ ಇರುವರು. ಮನೆಗೆ ದೃಷ್ಟಿ ತಾಕಬಾರದೆಂಬುದು ಅದರ ಉದ್ದೇಶವಂತೆ. ದೃಷ್ಟಿಯ ವಿಚಾರವನ್ನು ನಾನಿಲ್ಲಿ ಎತ್ತಿಕೊಳ್ಳುವುದಿಲ್ಲ; ಅದನ್ನು ನಂಬುವವರೊಡನೆ ವಾದಿಸಿ ಗೆದ್ದವರನ್ನು ನಾನು ಕಂಡಿಲ್ಲ. ನನ್ನ ಮನಸ್ಸನ್ನು ಸೆಳೆದುದು ಬೇರೊಂದು ಸಂಗತಿ. ಮಣ್ಣಿನ ಸಂಬಂಧವನ್ನು ಕಡಿದುಕೊಂಡ ಆ ಗಿಡವು ತಿಂಗಳುಗಟ್ಟಲೆ ಬಾಡುವುದಿಲ್ಲ; ತುದಿಯನ್ನು ಮೆಲ್ಲನೆ ಮೇಲಕ್ಕೆ ಬಾಗಿಸಿಕೊಂಡು ಹೊಸ ಎಲೆಯನ್ನೂ ಬಿಡುವುದುಂಟು. ಕೇಳಿದರೆ "ಗಾಳಿ ಕುಡಿದು ಬದುಕುತ್ತದೆ" ಎನ್ನುವರು. ಸಂಸ್ಕೃತದಲ್ಲಿ ಹಾವಿಗೆ ಪವನಾಶನವೆಂದು ಹೆಸರುಂಟು. ಗಾಳಿಯೇ ಆಹಾರವಾಗಿ ಉಳ್ಳದ್ದೆಂದು ಅರ್ಥ. ಗದ್ದೆಯ ಬದುವಿನಲ್ಲಿ ಹಾವು ಕಪ್ಪೆಯನ್ನು ನುಂಗುವುದನ್ನು ಕಂಡವರಿಗೆ ಆ ಹೆಸರು ಎಷ್ಟರಮಟ್ಟಿಗೆ ನಿಜವೆಂಬುದು ಗೊತ್ತು. ಲೋಳೆಸರದ ಗುಟ್ಟೂ ಹಾಗೆಯೇ. ಅದು ಗಾಳಿಯನ್ನು ಉಂಡು ಬದುಕುವುದಿಲ್ಲ. ದಪ್ಪ ಎಲೆಗಳಲ್ಲಿ ಮೊದಲೇ ಕೂಡಿಟ್ಟುಕೊಂಡ ನೀರನ್ನೂ ಸಾರವನ್ನೂ ಬಹಳ ಜಿಪುಣತನದಿಂದ ಖರ್ಚು ಮಾಡುತ್ತ, ಇಡುಗಂಟನ್ನು ಕರಗಿಸಿಕೊಂಡು ಬಾಳುವ ವೃದ್ಧನಂತೆ ಕಾಲವನ್ನು ತಳ್ಳುತ್ತದೆ. ಗಂಟು ಕರಗಿದ ದಿನ ಒಣಗುತ್ತದೆ.

ಕಾಡುಬಸಳೆಯ ಎಲೆಯ ಆಟವೂ ಇಂತಹುದೇ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಹುಡುಗರು ಅದರ ಎಲೆಯನ್ನು ಪುಸ್ತಕದ ನಡುವೆ ಇರಿಸಿಕೊಂಡು, ವಾರ ಹತ್ತು ದಿನಗಳ ಮೇಲೆ ಎಲೆಯ ಅಂಚಿನ ಕಚ್ಚುಗಳಿಂದ ಮರಿಗಿಡಗಳು ಎದ್ದುದನ್ನು ನನಗೆ ತೋರಿಸುತ್ತಿದ್ದರು. ಎಲೆಯೇ ಬೀಜವಾಗುವುದರಿಂದ ಸಂಸ್ಕೃತದಲ್ಲಿ ಅದಕ್ಕೆ ಪರ್ಣಬೀಜವೆಂದು ಹೆಸರು. ಇದು ಮಡಗಾಸ್ಕರ್ ದ್ವೀಪದಿಂದ ಹೊರಟು ಲೋಕವೆಲ್ಲ ಹರಡಿದ ಗಿಡ. ಜರ್ಮನ್ ಮಹಾಕವಿ ಗಯಟೆಗೆ ಇದರ ಮೇಲೆ ಎಷ್ಟು ಮೋಹವಿದ್ದಿತೆಂದರೆ, ತಾನೇ ಇದನ್ನು ಬೆಳೆಸಿ ಸ್ನೇಹಿತರಿಗೆ ಎಲೆಗಳನ್ನು ಕಳುಹಿಸಿಕೊಡುತ್ತಿದ್ದನು. ಜರ್ಮನರು ಈಗಲೂ ಇದನ್ನು ಅವನ ಹೆಸರಿನಿಂದ ಕರೆಯುವುದುಂಟು. ೧೭೮೯ರಲ್ಲಿ ಸರ್ ವಿಲಿಯಂ ಜೋನ್ಸನು ಇಂಗ್ಲಿಷಿಗೆ ತಂದ ಶಾಕುಂತಲವನ್ನು ೧೭೯೧ರಲ್ಲಿ ಫಾರ್ಸ್ಟರನು ಜರ್ಮನಿಗೆ ತರಲು, ಅದನ್ನೋದಿ ಹಿಗ್ಗಿದ ಗಯಟೆಯೇ ಇವನು. ಆಶ್ರಮದ ಬಳ್ಳಿಯನ್ನು ಒಡಹುಟ್ಟಿದವಳೆಂದು ಬಗೆದ ಶಕುಂತಲೆಯನ್ನು ಮೆಚ್ಚಿದವನು ಒಂದು ಎಲೆಯ ಮೇಲೆ ಮಮತೆ ತೋರಿದುದರಲ್ಲಿ ಆಶ್ಚರ್ಯವಿಲ್ಲ. ಜೋನ್ಸನ ಹೆಸರು ಮುಂದೆ ಇನ್ನೊಂದು ಸಲ ಬರುವುದು, ವಾಚಕರು ನೆನಪಿಟ್ಟುಕೊಳ್ಳಬೇಕು.

ಲೋಳೆಸರವಾಗಲಿ ಕಾಡುಬಸಳೆಯಾಗಲಿ ನಿಜವಾದ ಗಾಳಿಗಿಡಗಳಲ್ಲ. ಹುಟ್ಟಿದಂದಿನಿಂದ ಸಾಯುವವರೆಗೆ ಮಣ್ಣನ್ನು ಮುಟ್ಟದೆಯೇ ಬಾಳತಕ್ಕ ಜಾತಿಗಳು ಬೇರೆ ಇವೆ. ಅವುಗಳಲ್ಲೊಂದು ನಮ್ಮ ಮನೆಗೆ ಬಂದುದು ಸೊಸೆಯ ಮೂಲಕ. ನಾವು ಈಗ ಇರುವುದು ಬೆಂಗಳೂರಿನಲ್ಲಿ, ಮಗನ ಮನೆಯಲ್ಲಿ, ಮೂರನೆಯ ಮಹಡಿಯಲ್ಲಿ. ಅಂಗಳವಿಲ್ಲ, ಹಿತ್ತಲಿಲ್ಲ, ಬಾಲ್ಕನಿಯೆಂಬ ನಾಲ್ಕು ಮೊಳದ ಜಗಲಿಯೊಂದೇ ಆಕಾಶಕ್ಕೂ ನಮಗೂ ಇರುವ ನಂಟು. ಒಂದು ಸಂಜೆ ಸೊಸೆಯು ಅಂಗೈಯಗಲದ ಗಾಜಿನ ಗೋಳವೊಂದನ್ನು ತಂದು ನನ್ನ ಮುಂದಿಟ್ಟು, "ಮಾವ, ಇದಕ್ಕೆ ಮಣ್ಣೇ ಬೇಡ" ಎಂದಳು. ಒಳಗೆ ಬೂದುಬಣ್ಣದ, ಮುಳ್ಳುಹಂದಿಯ ಮರಿಯಂತೆ ಎಲೆಗಳನ್ನು ಕೆದರಿಕೊಂಡ ಒಂದು ಪುಟ್ಟ ಗಿಡ. ಪ್ಲಾಸ್ಟಿಕ್ಕಿನದೆಂದೇ ನಮ್ಮಾಕೆಯು ಉಗುರಿನಿಂದ ಚಿವುಟಿ ನೋಡಿದಳು.

ಇದರ ಹೆಸರು ಟಿಲ್ಯಾಂಡ್ಸಿಯಾ. ನಾವು ಉಣ್ಣುವ ಅನಾನಸಿನ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದಲ್ಲಿ ಪಶ್ಚಿಮ ಆಫ್ರಿಕದ ಒಂದೇ ಒಂದು ಜಾತಿಯ ಹೊರತು ಉಳಿದವೆಲ್ಲವೂ ಅಮೆರಿಕಾ ಖಂಡಗಳವು. ಅನಾನಸು ಪೋರ್ತುಗೀಸರ ಹಡಗಿನಲ್ಲಿ ಹದಿನಾರನೆಯ ಶತಮಾನದಲ್ಲಿಯೇ ನಮ್ಮ ಕಡೆಗೆ ಬಂದು ಮಲೆನಾಡಿನ ಬೇಲಿಯ ಬದಿಯಲ್ಲಿ ನೆಂಟನಾಯಿತು. ಅದರ ಈ ದಾಯಾದಿಯು ಮಾತ್ರ ಈಚೆಗೆ ಪಟ್ಟಣದ ಸಸ್ಯದಂಗಡಿಗಳನ್ನು ಹೊಕ್ಕಿದೆ. ಟಿಲ್ಯಾಂಡ್ಸಿಯಾ ಕುಲದಲ್ಲಿ ಆರುನೂರಕ್ಕೂ ಮಿಕ್ಕಿ ಜಾತಿಗಳಿವೆ. ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಮರಗಳಿಂದ ಮುದುಕನ ಗಡ್ಡದಂತೆ ಇಳಿಬೀಳುವ ಒಂದು ಜಾತಿಯನ್ನು ಒಣಗಿಸಿ ಹಾಸಿಗೆಗೂ ಮೆತ್ತೆಗೂ ತುಂಬುತ್ತಿದ್ದರು. ಇನ್ನೊಂದು ಜಾತಿಯು ತಂತಿಕಂಬಗಳ ತಂತಿಯ ಮೇಲೆಯೇ ಗೂಡುಕಟ್ಟಿದಂತೆ ಬೆಳೆಯುತ್ತದೆ; ತಂತಿಯಲ್ಲಿ ಅದಕ್ಕೆ ದೊರೆಯುವ ಸಾರವಾದರೂ ಏನು? ಮಳೆಯೆಂಬುದೇ ಅಪರೂಪವಾದ ಪೆರು ಮತ್ತು ಚಿಲಿ ದೇಶಗಳ ಕರಾವಳಿಯ ಮರುಭೂಮಿಯಲ್ಲಿ, ಸಮುದ್ರದಿಂದ ಏರಿಬರುವ ಮಂಜನ್ನೇ ಕುಡಿದು ಮರಳಿನ ಮೇಲೆ ಹಾಸಿಕೊಂಡಿರುವ ಜಾತಿಗಳೂ ಉಂಟು.

ಹೆಸರಿನ ಕಥೆಯೊಂದಿದೆ. ಫಿನ್ಲೆಂಡಿನ ತುರ್ಕು ಪಟ್ಟಣದಲ್ಲಿ ಹದಿನೇಳನೆಯ ಶತಮಾನದಲ್ಲಿ ಎಲಿಯಾಸ್ ಟಿಲ್ಲಾಂಡ್ಸ್ ಎಂಬ ವೈದ್ಯನಿದ್ದನು. ಆ ಸುತ್ತಿನ ಸಸ್ಯಗಳ ಪಟ್ಟಿಯೊಂದನ್ನು ೧೬೭೩ರಲ್ಲಿ ಅಚ್ಚು ಹಾಕಿಸಿದವನು. ಅವನು ಎಳೆಯ ವಯಸ್ಸಿನಲ್ಲಿ ಒಮ್ಮೆ ಕಡಲು ದಾಟುವಾಗ ಹಡಗಿನ ಹೊಯ್ದಾಟಕ್ಕೆ ಎಷ್ಟು ನರಳಿದನೆಂದರೆ, ಹಿಂದಿರುಗುವಾಗ ಹಡಗನ್ನೇ ಹತ್ತದೆ ಕೊಲ್ಲಿಯನ್ನು ಬಳಸಿಕೊಂಡು ನೆಲದ ಮೇಲೆಯೇ ಬಂದನಂತೆ. ನೆಲವನ್ನು ಹಿಡಿದು ಬಂದವನೆಂಬ ಅರ್ಥದ ಈ ಹೆಸರನ್ನು ಆಗಲೇ ಇಟ್ಟುಕೊಂಡನಂತೆ. ಲಿನೇಯಸನು ಈ ಕುಲದ ಗಿಡಗಳೂ ನೀರನ್ನು ಸಹಿಸವೆಂದು ಬಗೆದು ಅವಕ್ಕೆ ಅವನ ಹೆಸರನ್ನೇ ಕೊಟ್ಟನೆಂದು ಹೇಳುವರು. ಹೆಸರು ಸೊಗಸಾಗಿದೆ, ತರ್ಕ ಮಾತ್ರ ನಿಲ್ಲದು. ಏಕೆಂದರೆ ಈ ಗಿಡಕ್ಕೆ ನೀರು ಬೇಕೇಬೇಕು. ಬೇರಿನಿಂದ ಕುಡಿಯುವುದಿಲ್ಲ, ಅಷ್ಟೆ. ಬೇರು ಅದಕ್ಕೆ ಕೊಂಬೆಯನ್ನು ಹಿಡಿದುಕೊಳ್ಳುವ ಕೈ ಮಾತ್ರ. ಬಾಯಿ ಇರುವುದು ಎಲೆಯ ಮೈಮೇಲೆ. ಎಲೆಯ ತುಂಬ ಬರಿಗಣ್ಣಿಗೆ ಬೂದಿಯಂತೆ ಕಾಣುವ ಅತಿ ಸೂಕ್ಷ್ಮವಾದ ಹೊಪ್ಪಳಿಕೆಗಳಿವೆ. ನೀರು ಬಿದ್ದೊಡನೆ ಅವು ಹೀರಿಕೊಂಡು ಪಾರದರ್ಶಕವಾಗುತ್ತವೆ. ಅದುವರೆಗೆ ಬೂದಿಬಡಿದಂತಿದ್ದ ಗಿಡವು ನಮ್ಮ ಕಣ್ಣೆದುರಿಗೇ ಹಸುರಾಗುತ್ತದೆ. ಧೂಳಿನಲ್ಲಿಯೂ ಮಳೆಯ ನೀರಿನಲ್ಲಿಯೂ ಕರಗಿರುವ ಲವಣಗಳೇ ಇದರ ಅನ್ನ. ಇನ್ನೊಂದು ವಿಶೇಷವೆಂದರೆ, ಹಗಲಿನ ಬಿಸಿಲಿನಲ್ಲಿ ನೀರು ಆರಿಹೋಗದಿರಲೆಂದು ಇದು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡಿದ್ದು, ರಾತ್ರಿಯಲ್ಲಿ ತೆರೆದು ಇಂಗಾಲಾಮ್ಲವಾಯುವನ್ನು ಒಳಗೆ ತೆಗೆದುಕೊಳ್ಳುತ್ತದೆ.

ಇಷ್ಟನ್ನು ತಿಳಿದ ಮೇಲೆ ಸಾಕುವ ರೀತಿಯು ತಾನಾಗಿಯೇ ಹೊಳೆಯುವುದು. ರಾತ್ರಿ ಉಸಿರಾಡುವ ಗಿಡವನ್ನು ಸಂಜೆ ನೆನೆಸಿಡಬಾರದು, ಬೆಳಗ್ಗೆಯೇ ನೆನೆಸಬೇಕು. ಬೋಗುಣಿಯಲ್ಲಿ ನೀರು ತುಂಬಿ, ವಾರಕ್ಕೊಂದು ಸಲ ಇಪ್ಪತ್ತು ಮೂವತ್ತು ನಿಮಿಷ ಗಿಡವನ್ನು ಪೂರ್ತಿಯಾಗಿ ಮುಳುಗಿಸಿ, ತರುವಾಯ ತಲೆಕೆಳಗು ಮಾಡಿ ಮೆಲ್ಲನೆ ಒದರಿ, ಗಾಳಿಯಾಡುವೆಡೆಯಲ್ಲಿ ಮೂರು ನಾಲ್ಕು ಗಂಟೆಗಳೊಳಗಾಗಿ ಒಣಗುವಂತೆ ಇಡತಕ್ಕದ್ದು. ಮಾರ್ಚಿ ಏಪ್ರಿಲಿನ ಒಣಹವೆಯಲ್ಲಿ ವಾರಕ್ಕೆರಡು ಸಲ ಬೇಕು. ಮಳೆಗಾಲದಲ್ಲಿ ಬಾಲ್ಕನಿಯಲ್ಲಿಟ್ಟರೆ ನಮ್ಮ ಉಪಚಾರವೇ ಬೇಡ. ಎಲೆಗಳು ಒಳಕ್ಕೆ ಸುರುಳಿಕೊಂಡವೆಂದರೆ ಬಾಯಾರಿದೆಯೆಂದು ತಿಳಿಯುವುದು. ಎಲೆಗಳ ನಡುವಿನ ಗುಂಡಿಗೆಯಲ್ಲಿ ನೀರು ನಿಂತರೆ ಕೊಳೆತು, ಒಂದು ದಿನ ಎತ್ತಿಕೊಂಡಾಗ ಎಲೆಗಳು ಕೈಯಲ್ಲಿಯೇ ಬಿಡಿಬಿಡಿಯಾಗಿ ಉದುರುವುವು. ಆದುದರಿಂದಲೇ ಆ ಗಾಜಿನ ಗೋಳವು ನನಗೆ ಹಿಡಿಸಲಿಲ್ಲ. ಅಂಗಡಿಯವರು ಅಂದಕ್ಕಾಗಿ ಮಾಡಿದ ಸೆರೆಮನೆ ಅದು. ಗಾಳಿಯನ್ನೇ ನಂಬಿದ ಗಿಡಕ್ಕೆ ಗಾಳಿಯೊಂದನ್ನು ತಪ್ಪಿಸಿ ಉಳಿದುದೆಲ್ಲವನ್ನೂ ಕೊಡುತ್ತದೆ. ಸೊಸೆಯು ಒಪ್ಪಿ ಗೋಳದಲ್ಲಿ ಈಗ ಗುಂಡುಪಿನ್ನುಗಳನ್ನು ಹಾಕಿಟ್ಟಿದ್ದಾಳೆ.

ನೀರಿನ ವಿಷಯದಲ್ಲಿ ಮಿತವ್ಯಯದ ಗೃಹಿಣಿಯರಿಗೆ ಒಂದು ಮಾತು. ನೀರು ಶೋಧಿಸುವ ಯಂತ್ರವು ಹೊರಗೆ ಬಿಡುವ ನೀರನ್ನು ಹಿಡಿದಿಟ್ಟು ಗಿಡಗಳಿಗೆ ಹಾಕುವ ಅಭ್ಯಾಸವು ಈಚೆಗೆ ಅನೇಕ ಮನೆಗಳಲ್ಲಿದೆ. ಒಳ್ಳೆಯ ಅಭ್ಯಾಸವೇ, ಆದರೆ ಆ ನೀರಿನಲ್ಲಿ ಲವಣಗಳು ಮೊದಲಿಗಿಂತ ಹೆಚ್ಚಾಗಿ ಸೇರಿರುವುದರಿಂದ ಎಲೆಯಿಂದ ಕುಡಿಯುವ ಈ ಗಿಡಗಳಿಗೆ ಅದು ಸಲ್ಲದು. ಮಳೆಯ ನೀರು ಎಲ್ಲಕ್ಕಿಂತ ಮೇಲು.

ಅಲಂಕಾರಕ್ಕೆ ಇವನ್ನು ಎಲ್ಲಿ ಬೇಕಾದರೂ ಕೂರಿಸಬಹುದೆಂಬುದೇ ಇವುಗಳ ದೊಡ್ಡ ಗುಣ. ತೆಂಗಿನ ಚಿಪ್ಪಿನಲ್ಲಿ, ಕೆಂಪು ಜಂಬಿಟ್ಟಿಗೆಯ ತುಂಡಿನ ಮೇಲೆ, ಬಣ್ಣ ಬಳಿಯದ ಹಳೆಯ ಮರದ ಕೊರಡಿನಲ್ಲಿ ಹತ್ತಿಯ ನೂಲಿನಿಂದ ಕಟ್ಟಿದರೆ ಸಾಕು. ತಾಮ್ರವು ಮಾತ್ರ ಇವಕ್ಕೆ ವಿಷ. ತಾಮ್ರದ ತಂತಿಯನ್ನು ಸುತ್ತಬಾರದು. ಹಿತ್ತಾಳೆಯಲ್ಲಿಯೂ ತಾಮ್ರವಿರುವುದರಿಂದ ಅಜ್ಜಿಯ ಕಾಲದ ಹಿತ್ತಾಳೆಯ ತೂಗುದೀಪದ ಬಟ್ಟಲಿನಲ್ಲಿ ಒದ್ದೆಗಿಡವನ್ನು ಇಡಬೇಕೆಂಬ ಆಸೆಯನ್ನು ಬಿಡತಕ್ಕದ್ದು. ಬೂದುಬಣ್ಣ ಹೆಚ್ಚಿದ ಜಾತಿಗೆ ಬೆಳಕು ಹೆಚ್ಚು ನೀರು ಕಡಿಮೆ. ಹಸುರಾಗಿ ನುಣುಪಾದ ಜಾತಿಗೆ ನೆರಳೂ ನೀರೂ ಹೆಚ್ಚು. ಮಧ್ಯಾಹ್ನದ ಬಿಸಿಲು ಯಾವುದಕ್ಕೂ ಆಗದು. ನಮ್ಮ ಮನೆಯ ಜಾತಿಯು ಮೆಕ್ಸಿಕೋ ದೇಶದ ಕಡೆಯದು. ಹೂ ಬಿಡುವ ಕಾಲಕ್ಕೆ ಒಳಗಿನ ಎಲೆಗಳು ಕುಂಕುಮದಂತೆ ಕೆಂಪಾಗಿ ನಡುವಿನಿಂದ ನೇರಳೆಯ ನಳಿಗೆಯಂತಹ ಹೂವುಗಳು ಏಳುತ್ತವೆ. ಒಂದು ಗಿಡ ಹೂ ಬಿಡುವುದು ಜನ್ಮಕ್ಕೊಂದೇ ಸಲ. ಆಮೇಲೆ ಬುಡದಲ್ಲಿ ಮರಿಗಳನ್ನು ಹಾಕಿ ತಾನು ಮೆಲ್ಲನೆ ಇಲ್ಲವಾಗುತ್ತದೆ. ಮರಿಯು ತಾಯಿಯ ಅರ್ಧದಷ್ಟಾಗುವವರೆಗೆ ಬೇರೆ ಮಾಡಬಾರದು. ಬೇರೆ ಮಾಡದೆಯೇ ಇಟ್ಟರೆ ಗುಚ್ಛವಾಗಿ ಇನ್ನೂ ಚೆನ್ನು.

ಇನ್ನು ನಮ್ಮ ಅಕ್ಕನ ಗಿಡದ ವಿಷಯ. ಈ ಬರಹಕ್ಕೆ ನಿಜವಾಗಿ ಕಾರಣವಾದುದು ಅದೇ.

ಅಕ್ಕನು ತೀರ್ಥಹಳ್ಳಿಯ ಕಡೆಯ ನಮ್ಮ ಹಳೆಯ ಮನೆಯಲ್ಲಿ, ಭಾವನವರು ಹೋದ ತರುವಾಯ, ಒಬ್ಬಳೇ ಬಹುಕಾಲ ಇದ್ದಳು. ೨೦೧೯ರಲ್ಲಿ ಆ ಮನೆಯನ್ನು ಮಾರಬೇಕಾಗಿ ಬಂದಿತು. ಮೊಣಕಾಲಿನ ನೋವು, ಮೂರು ಮೈಲಿಯಾಚೆಯ ವೈದ್ಯರು, ತೋಟಕ್ಕೆ ಆಳಿಲ್ಲದಿರುವುದು ಇವೆಲ್ಲವೂ ಸೇರಿ ಆಕೆಯೇ ಒಪ್ಪಿದಳು. ಕೊಂಡವರು ಅಂಗಳದ ಮುಂದಿನ ಹಲಸಿನ ಮರವನ್ನು ಕಡಿಸಿ ಕಟ್ಟಡವನ್ನು ಮುಂದಕ್ಕೆ ತರತಕ್ಕವರಿದ್ದರು. ಆ ಮರದ ಕವಲಿನಲ್ಲಿ ಸೀತಾಳೆದಂಡೆಯ ದೊಡ್ಡ ಕಂತೆಯಿದ್ದಿತು. ಮಲೆನಾಡಿನವರಿಗೆ ಇದನ್ನು ವರ್ಣಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಇದು ಮರದ ಮೇಲೆ ಬಾಳುವ ಆರ್ಕಿಡ್ ಜಾತಿ. ಮುಂಗಾರಿನ ಮೊದಲ ಮೋಡಗಳ ಹೊತ್ತಿಗೆ ಬಿಳುಪಿನ ಮೇಲೆ ನಸುನೇರಳೆಯ ಚುಕ್ಕೆಗಳುಳ್ಳ ನೂರಾರು ಪುಟ್ಟ ಹೂವುಗಳು ಒತ್ತಾಗಿ ಕೂಡಿ, ನರಿಯ ಬಾಲದಂತೆ ಗೇಣುದ್ದ ಇಳಿಬೀಳುತ್ತವೆ. ಕಟ್ಟುವ ಕೆಲಸವೇ ಇಲ್ಲ. ಪ್ರಕೃತಿಯೇ ದಂಡೆ ಕಟ್ಟಿ ಕೊಟ್ಟಿದೆ. ವನವಾಸದಲ್ಲಿ ಸೀತಾದೇವಿಯು ಇದನ್ನು ಮುಡಿದಿದ್ದಳೆಂದು ನಮ್ಮ ಹೆಂಗಸರು ನಂಬುವರು. ಅಸ್ಸಾಮಿನ ಹೆಣ್ಣುಮಕ್ಕಳು ಬಿಹು ಹಬ್ಬದ ಕುಣಿತಕ್ಕೆ ಮುಡಿಯುವುದೂ ಇದನ್ನೇ. ಆ ರಾಜ್ಯದ ಹೂವೂ ಇದೇ ಆಗಿದೆ.

ಮರ ಬೀಳುವುದಕ್ಕೆ ಮುಂಚೆ ತೊಗಟೆಸಹಿತ ಮೂರು ಕಂತೆಗಳನ್ನು ಬಿಡಿಸಿ, ಗೋಣಿಯಲ್ಲಿ ಸುತ್ತಿ, ಮೇ ತಿಂಗಳ ಕೊನೆಯಲ್ಲಿ ಅಕ್ಕನೊಡನೆ ಬೆಂಗಳೂರಿಗೆ ತಂದೆವು. (ಮರವು ನಮ್ಮ ಸ್ವಂತ ಅಂಗಳದ್ದು. ಕಾಡಿನ ಮರದಿಂದ ಆರ್ಕಿಡ್ಡುಗಳನ್ನು ಕಿತ್ತು ತರುವುದು ಕಾನೂನಿಗೂ ವಿರೋಧ, ಕಾಡಿಗೂ ದ್ರೋಹ. ಇದರ ಧೂಳಿನಂತಹ ಬೀಜವು ತಕ್ಕ ಶಿಲೀಂಧ್ರದ ಸಹವಾಸ ದೊರೆತಲ್ಲದೆ ಮೊಳೆಯದು, ಮೊಳೆತರೂ ಹೂವಾಗಲು ವರ್ಷಗಳೇ ಬೇಕು. ಬೇಕಾದವರು ಬೆಳೆಸಿ ಮಾರುವವರಿಂದ ಕೊಳ್ಳಲಿ.)

ಅಕ್ಕನು ಬಂದ ಮೊದಲ ತಿಂಗಳ ಕೊನೆಯ ದಿನ ನನ್ನ ಮೇಜಿನ ಮೇಲೆ ಎರಡು ಸಾವಿರ ರೂಪಾಯಿಗಳನ್ನು ಇಟ್ಟು ಹೋಗಿದ್ದಳು. ನನ್ನ ಮಗನಿಗೆ ಇದು ತಿಳಿದು ಬಹಳ ನೋವಾಯಿತು. "ಅಪ್ಪಾ, ಅತ್ತೆಯ ಊಟಕ್ಕೆ ನಾವು ದುಡ್ಡು ತೆಗೆದುಕೊಳ್ಳುವುದೇ? ಕೇಳಿದವರು ಏನೆಂದಾರು?" ಎಂದು ಅದನ್ನು ಹಿಂದಿರುಗಿಸಲು ಹೊರಟನು. ಅದೇ ಹೊತ್ತಿಗೆ ಅಡುಗೆಯ ಮನೆಯಲ್ಲಿ ಅಕ್ಕನು ನಮ್ಮಾಕೆಯೊಡನೆ ಹೇಳುತ್ತಿದ್ದ ಮಾತು ಕಿವಿಗೆ ಬಿದ್ದಿತು: "ಈ ವಯಸ್ಸಿನಲ್ಲಿ ತಮ್ಮನ ಮನೆಗೆ ಬಂದಳಿಕೆಯಾಗಿ ಬಂದೆನಲ್ಲ." ನಮ್ಮಾಕೆಯು "ಅತ್ತಿಗೆ, ಅಂತಹ ಮಾತನ್ನು ಆಡಬೇಡಿ" ಎಂದುದೂ ಕೇಳಿಸಿತು.

ಬಂದಳಿಕೆಯೆಂಬುದು ಮಾವು ಹಲಸುಗಳ ಕೊಂಬೆಯ ಮೇಲೆ ಬೆಳೆಯುವ ಇನ್ನೊಂದು ಜಾತಿ. ಹಣ್ಣನ್ನು ತಿಂದ ಪುಟ್ಟ ಹಕ್ಕಿಯು ಅಂಟಾದ ಬೀಜವನ್ನು ಕೊಂಬೆಗೆ ಒರೆಸಿ ಹೋಗುವುದು. ಬೀಜವು ಮೊಳೆತು ತೊಗಟೆಯೊಳಕ್ಕೆ ಬೇರನ್ನು ಇಳಿಬಿಟ್ಟು ಮರದ ರಸವನ್ನೇ ಹೀರುವುದು. ಅಮರಕೋಶದ ವನೌಷಧಿವರ್ಗದಲ್ಲಿ ವಂದಾ, ವೃಕ್ಷಾದನೀ, ವೃಕ್ಷರುಹಾ ಎಂಬ ಹೆಸರುಗಳನ್ನು ಒಂದೇ ಗುಂಪಿನಲ್ಲಿ ಹೇಳಿದೆ. ವೃಕ್ಷಾದನಿಯೆಂದರೆ ಮರವನ್ನು ತಿನ್ನುವುದು. ವೃಕ್ಷರುಹೆಯೆಂದರೆ ಮರದ ಮೇಲೆ ಹುಟ್ಟಿದುದು. ಕೋಶಕಾರನ ಮೇಲೆ ನನಗೆ ಎಷ್ಟೇ ಭಕ್ತಿಯಿದ್ದರೂ ಇವೆರಡೂ ಒಂದಲ್ಲವೆಂದು ಹೇಳಲೇಬೇಕು. ಕಲಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದ ಅದೇ ವಿಲಿಯಂ ಜೋನ್ಸನು ಮರದ ಮೇಲಿನ ಆರ್ಕಿಡ್ಡೊಂದಕ್ಕೆ ವಂದಾ ಎಂಬ ಸಂಸ್ಕೃತದ ಹೆಸರನ್ನೇ ಬಳಸಿ ಬರೆದನು. ೧೮೨೦ರಲ್ಲಿ ರಾಬರ್ಟ್ ಬ್ರೌನನೆಂಬ ಸಸ್ಯಶಾಸ್ತ್ರಜ್ಞನು ಅದನ್ನು ಕುಲನಾಮವಾಗಿ ಪ್ರಕಟಿಸಿದನು. ಹೀಗೆ ಯಾರ ರಸವನ್ನೂ ಹೀರದ ಒಂದು ಸಾಧುಕುಲವು ಲೋಕದ ಎಲ್ಲ ಸಸ್ಯಶಾಸ್ತ್ರದ ಗ್ರಂಥಗಳಲ್ಲಿಯೂ ಬಂದಳಿಕೆಯ ಹೆಸರನ್ನು ಹೊತ್ತು ನಿಂತಿದೆ. ನಮ್ಮ ಸೀತಾಳೆಯೂ ಈ ವಂದಾ ಕುಲದ ಹತ್ತಿರದ ಬಂಧು. ಅದರ ದಪ್ಪ ಬೇರಿನ ಮೇಲೆ ಬೆಂಡಿನಂತಹ ಬಿಳಿಯ ಹೊದಿಕೆಯಿದೆ; ಮಳೆಹನಿ ಬಿದ್ದ ಕೂಡಲೇ ಹೀರಿಕೊಂಡು ಹಸುರಾಗುತ್ತದೆ. ತೊಗಟೆಯನ್ನು ಅಪ್ಪಿಕೊಳ್ಳುತ್ತದೆಯೇ ಹೊರತು ಕೊರೆಯುವುದಿಲ್ಲ. ನಿಲ್ಲಲು ಒಂದು ಎಡೆ, ಸ್ವಲ್ಪ ನೆರಳು. ಮರದಿಂದ ಅದು ತೆಗೆದುಕೊಳ್ಳುವುದು ಇಷ್ಟೇ.

ನಾನು ಇದನ್ನು ಅಕ್ಕನಿಗೆ ಪುಸ್ತಕದ ಚಿತ್ರಗಳ ಸಮೇತ ವಿವರಿಸಲು ಹೊರಟಾಗ ಆಕೆಯು, "ಇದನ್ನು ನನಗೆ ನೀನು ಹೇಳಬೇಕೇ ತಮ್ಮಾ? ಬಂದಳಿಕೆ ಹತ್ತಿದ ಕೊಂಬೆ ಒಣಗುತ್ತದೆ. ಸೀತಾಳೆ ಕೂತ ಕೊಂಬೆ ಒಣಗಿದ್ದನ್ನು ನಾನು ಕಂಡಿಲ್ಲ" ಎಂದಳು. "ಹಾಗಾದರೆ ನೀನು ಯಾವುದು?" ಎಂದೆನು. ಅವಳು ಉತ್ತರ ಕೊಡಲಿಲ್ಲ. ನಾನು ಮಗನ ಕೈಯಿಂದ ಆ ಎರಡು ಸಾವಿರವನ್ನು ತೆಗೆದುಕೊಂಡು ಅವಳೆದುರಿಗೇ ಮನೆಖರ್ಚಿನ ಡಬ್ಬಿಯಲ್ಲಿ ಹಾಕಿದೆನು. ಮಗನಿಗೆ ಇಂದಿಗೂ ಇದು ಸರಿಬಿದ್ದಿಲ್ಲ. ಕೊಡುವ ಶಕ್ತಿಯುಳ್ಳವರಿಂದ ತೆಗೆದುಕೊಳ್ಳದಿರುವುದು ಔದಾರ್ಯವೆಂದು ಅವನು ತಿಳಿದಿದ್ದಾನೆ. ತನ್ನ ಮಳೆಯನ್ನು ತಾನೇ ಹಿಡಿದು ಕುಡಿಯಬಲ್ಲ ಗಿಡಕ್ಕೆ ಮರದ ರಸವನ್ನೇ ಕುಡಿಯೆಂದು ಬಲವಂತ ಮಾಡಿದರೆ, ಅದು ಬಂದಳಿಕೆಯಾಗದೆ ಇನ್ನೇನಾದೀತೆಂದು ನಾನು ಕೇಳಿದೆನು. ಅಂದಿನಿಂದ ಪ್ರತಿ ತಿಂಗಳೂ ಹಣವು ನೇರವಾಗಿ ಡಬ್ಬಿಗೇ ಹೋಗುತ್ತದೆ. ಬಂದಳಿಕೆಯ ಮಾತು ಅಡುಗೆಯ ಮನೆಯಲ್ಲಿ ಮತ್ತೆ ಕೇಳಿಬಂದಿಲ್ಲ.

ಕಂತೆಗಳನ್ನು ಕಟ್ಟಿದ ಕ್ರಮವಿದು. ತಂದ ಹಲಸಿನ ತೊಗಟೆಯನ್ನೇ ತೆಂಗಿನ ನಾರಿನ ಹಾಸಿನ ಮೇಲಿರಿಸಿ, ಹಳೆಯ ಹತ್ತಿಯ ಸೀರೆಯ ಪಟ್ಟಿಗಳಿಂದ ಬಿಗಿಯಾಗಿ ಸುತ್ತಿ, ಪೂರ್ವದ ಕಡೆಯ ಕಂಬಿಗೆ ತೂಗುಹಾಕಿದೆವು. ಬೆಳಗಿನ ಎಳೆಬಿಸಿಲು ಒಂಬತ್ತು ಗಂಟೆಯವರೆಗೆ ಬೀಳುತ್ತದೆ. ಅಲುಗಾಡಿದರೆ ಹೊಸ ಬೇರಿನ ತುದಿ ಮುರಿಯುವುದರಿಂದ ಬಿಗಿಯಾಗಿ ಕಟ್ಟುವುದು ಮುಖ್ಯ. ಮುಂಗಾರು ಹಿಡಿಯುವ ಮುನ್ನ ಕಟ್ಟಿದುದು ಒಳ್ಳೆಯದಾಯಿತು, ಬೇರುಗಳು ಆಗಲೇ ಚಿಗುರುವುದು. ಬೇಸಗೆಯಲ್ಲಿ ದಿನವೂ ಬೆಳಗ್ಗೆ ನೀರು ಚಿಮುಕಿಸುವ ಕೆಲಸ ಅಕ್ಕನದು. ಆದರೂ ೨೦೨೦ರ ಬೇಸಗೆಯಲ್ಲಿ, ಎಲ್ಲರೂ ಮನೆಯೊಳಗೇ ಕೂತಿದ್ದ ಆ ದಿನಗಳಲ್ಲಿ, ಒಂದು ಕಂತೆಯು ಒಣಗಿತು. ಅಕ್ಕನು ಅದನ್ನು ಬಿಚ್ಚಿ ಎಸೆಯಲು ಆರು ತಿಂಗಳು ಬಿಡಲಿಲ್ಲ.

೨೦೨೨ರ ಜೂನಿನಲ್ಲಿ ಉಳಿದೆರಡರಲ್ಲಿ ಒಂದು ದಂಡೆ ಇಳಿಬಿಟ್ಟಿತು. ಸೊಸೆಯು ಆಫೀಸಿನಿಂದ ಬಂದವಳು ಚೀಲವನ್ನೂ ಇಳಿಸದೆ ಬಾಲ್ಕನಿಗೆ ಓಡಿದಳು. ಅವಳ ಕೂದಲೋ ಕುತ್ತಿಗೆಯವರೆಗೆ ಕತ್ತರಿಸಿದ್ದು. ದಂಡೆ ನಿಲ್ಲುವ ಜಾಗವೇ ಇಲ್ಲ. "ಅತ್ತೇ, ನೀವೇ ಮುಡಿದುಕೊಳ್ಳಿ" ಎಂದಳು. ಭಾವನವರು ಹೋದ ಮೇಲೆ ಅಕ್ಕನು ಇಪ್ಪತ್ತೆಂಟು ವರ್ಷ ಹೂ ಮುಡಿದಿರಲಿಲ್ಲ. ಸೊಸೆಗೆ ಇದು ಗೊತ್ತಿದ್ದಿತು, ಗೊತ್ತಿದ್ದೇ ಕೇಳಿದಳು. ನಾವು ಯಾರೂ ಉಸಿರೆತ್ತಲಿಲ್ಲ. ಅಕ್ಕನು ಗೊಂಚಲನ್ನು ಅಂಗೈಯಲ್ಲಿ ಎತ್ತಿ ಹಿಡಿದು, ಬಹಳ ಹೊತ್ತು ನೋಡಿ, "ಕೀಳಬೇಡ. ಗಿಡದಲ್ಲಿದ್ದರೆ ಹದಿನೈದು ದಿನ ಇರುತ್ತದೆ" ಎಂದಳು. ಕುರ್ಚಿಯನ್ನು ಅದರ ಕೆಳಗೆ ಎಳೆಸಿಕೊಂಡು, ಗೊಂಚಲಿನ ತುದಿಯು ತಲೆಗೆ ತಾಕುವಂತೆ ಕುಳಿತು, ಅಲ್ಲಿಯೇ ಕಾಫಿ ತರಿಸಿಕೊಂಡಳು. ಆ ಹದಿನೈದು ದಿನವೂ ಕುರ್ಚಿಯು ಅಲ್ಲಿಯೇ ಇದ್ದಿತು.

ಈಗ ಬೇರುಗಳು ತೊಗಟೆಯನ್ನು ದಾಟಿ ಗಾಳಿಯಲ್ಲಿ ಕೈಚಾಚುತ್ತಿವೆ. ಈ ಮಳೆಗೆ ಮುಂಚೆ ದೊಡ್ಡ ಕೊರಡಿಗೆ ಸೇರಿಸಬೇಕೆಂದು ಅಕ್ಕನ ಅಪ್ಪಣೆ. ತೊಗಟೆಯಿರುವ ಹಲಸಿನದೇ ಆಗಬೇಕಂತೆ. ಕಳೆದ ವಾರ ನಾವಿಬ್ಬರೂ ಆಟೋವಿನಲ್ಲಿ ನಾಲ್ಕು ಮರದಂಗಡಿಗಳನ್ನು ತಿರುಗಿದೆವು. ಮೂರರಲ್ಲಿ ಹಲಸೇ ಇರಲಿಲ್ಲ. ನಾಲ್ಕನೆಯವನು ಅಕ್ಕನ ಬೇಡಿಕೆಯನ್ನು ವಿನಯದಿಂದ ಪೂರ್ತಿ ಕೇಳಿ, ಒಳಗೆ ಹೋಗಿ, ಹಲಸಿನ ಬಣ್ಣದ ಪ್ಲೈವುಡ್ಡಿನ ಹಲಗೆಯೊಂದನ್ನು ತಂದು ತೋರಿಸಿದನು.